ಸಮರ್ಕಂದಕ್ಕೆ ಹೋದವರು ಬುಖಾರಾದಲ್ಲಿ ನಿಲ್ಲಿ

ದೆಹಲಿಯಲ್ಲಿ ವಿಮಾನ ಹತ್ತಿದರೆ ಮೂರು ಗಂಟೆಯ ಆಸುಪಾಸಿನಲ್ಲಿ ತಾಷ್ಕೆಂಟ್. 2018ರಲ್ಲಿ ಉಜ್ಬೇಕಿಸ್ತಾನವು ಭಾರತೀಯರಿಗೆ ಇ-ವೀಸಾ ಕೊಡತೊಡಗಿದ ಮೇಲೆ ಅಲ್ಲಿಗೆ ಹೋಗಿಬರುವುದು ಸಲೀಸಾಗಿದೆ. ಆದರೆ ಪ್ಯಾಕೇಜ್ ಟೂರುಗಳ ಪಟ್ಟಿ ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ತಾಷ್ಕೆಂಟ್‌ನಲ್ಲಿ ಮೂರು ರಾತ್ರಿ, ಚಿಮ್ಗಾನ್ ಬೆಟ್ಟದಲ್ಲಿ ಕೇಬಲ್ ಕಾರು, ಚಾರ್ವಾಕ್ ಜಲಾಶಯದ ದಡದಲ್ಲಿ ಫೋಟೊ, ಒಂದು ದಿನ ಬೆಳಿಗ್ಗೆ ರೈಲು ಹತ್ತಿ ಸಮರ್ಕಂದ್ ನೋಡಿ ರಾತ್ರಿಗೆ ವಾಪಸ್. ಬುಖಾರಾದ ಹೆಸರೇ ಇರುವುದಿಲ್ಲ. ಖಿವಾ ಅಂತೂ ದೂರದ ಮಾತು. ಸಾವಿರ ವರ್ಷ ಹಳೆಯ ಊರುಗಳಿರುವ ದೇಶಕ್ಕೆ ಹೋಗಿ, ಹೆಚ್ಚು ಹೊತ್ತನ್ನು ಅರವತ್ತು ವರ್ಷದ ಕಟ್ಟಡಗಳ ನಡುವೆ ಕಳೆದು ಬರುವ ಏರ್ಪಾಡು ಇದು.

ತಾಷ್ಕೆಂಟ್ ಹೊಸದಾಗಿ ಕಾಣುವುದಕ್ಕೆ ಕಾರಣವಿದೆ. 1966ರ ಏಪ್ರಿಲ್ 26ರ ನಸುಕಿನಲ್ಲಿ ಊರಿನ ನಟ್ಟನಡುವೆ ಭೂಮಿ ನಡುಗಿತು. ಕಂಪನದ ಪ್ರಮಾಣ ದೊಡ್ಡದಲ್ಲದಿದ್ದರೂ ಕೇಂದ್ರ ಊರಿನ ಅಡಿಯಲ್ಲೇ, ಕೆಲವೇ ಕಿಲೋಮೀಟರ್ ಆಳದಲ್ಲಿ ಇದ್ದುದರಿಂದ ಹಸಿ ಇಟ್ಟಿಗೆಯ ಮನೆಗಳು ಕುಸಿದು ಸುಮಾರು ಮೂರು ಲಕ್ಷ ಜನ ಬೀದಿಗೆ ಬಿದ್ದರು. ಆಮೇಲೆ ಇಡೀ ಸೋವಿಯತ್ ಒಕ್ಕೂಟದಿಂದ ಬಂದ ಕೆಲಸಗಾರರು ಅಗಲ ರಸ್ತೆ, ಮರಗಳ ಸಾಲು, ಕಾಂಕ್ರೀಟ್ ವಸತಿಗಳ ಬೇರೆಯದೇ ಊರನ್ನು ಕಟ್ಟಿದರು. ಅದೇ ವರ್ಷದ ಜನವರಿಯಲ್ಲಿ, ಇನ್ನೂ ಹಳೆಯದಾಗಿದ್ದ ಆ ಊರಿನಲ್ಲೇ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಪಾಕಿಸ್ತಾನದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದು, ಮತ್ತು ಗಂಟೆಗಳೊಳಗೆ ಪ್ರಾಣಬಿಟ್ಟದ್ದು. ಅವರ ಪ್ರತಿಮೆ ಅಲ್ಲಿದೆ, ಅವರ ಹೆಸರಿನ ಬೀದಿಯಿದೆ. ಭಾರತದಿಂದ ಹೋದವರು ಒಂದು ಹೂ ಇಟ್ಟು ಬರಬೇಕಾದ ಜಾಗ.

ಇದರ ಜೊತೆಗೆ ತಾಷ್ಕೆಂಟ್‌ನಲ್ಲಿ ನಾನು ಹೇಳುವುದು ಎರಡೇ. ಚೋರ್ಸು ಮಾರುಕಟ್ಟೆಯ ದೊಡ್ಡ ಗುಮ್ಮಟದ ಕೆಳಗೊಂದು ಸುತ್ತು, ಮೆಟ್ರೊದಲ್ಲಿ ಒಂದು ಮಧ್ಯಾಹ್ನ. 1977ರಲ್ಲಿ ಶುರುವಾದ ಈ ಮೆಟ್ರೊ ಮಧ್ಯ ಏಷ್ಯಾದಲ್ಲೇ ಮೊದಲನೆಯದು. 2018ರವರೆಗೆ ಅಲ್ಲಿ ಫೋಟೊ ತೆಗೆಯುವಂತಿರಲಿಲ್ಲ. ಕಾಸ್ಮೊನಾವ್ತ್ಲಾರ್ ನಿಲ್ದಾಣದ ನೀಲಿ ಗೋಡೆಯಲ್ಲಿ ಗಗನಯಾತ್ರಿಗಳಾದ ಗಗಾರಿನ್, ತೆರೆಶ್ಕೋವಾ ಅವರ ಸಾಲಿನಲ್ಲೇ ಹದಿನೈದನೆಯ ಶತಮಾನದ ದೊರೆ ಉಲುಘ್ ಬೇಗ್ ಕೂಡ ಇದ್ದಾನೆ. ಅವನಿಗೆ ಆ ಜಾಗ ಏಕೆ ಸಲ್ಲುತ್ತದೆಂದು ಸಮರ್ಕಂದದಲ್ಲಿ ಗೊತ್ತಾಗುತ್ತದೆ.

ತಾಷ್ಕೆಂಟ್‌ನಿಂದ ಸಮರ್ಕಂದಕ್ಕೆ 344 ಕಿಲೋಮೀಟರ್. 2011ರಲ್ಲಿ ಬಂದ ಅಫ್ರೋಸಿಯೋಬ್ ವೇಗದ ರೈಲು ಎರಡು ಗಂಟೆ ಚಿಲ್ಲರೆಯಲ್ಲಿ ಮುಟ್ಟಿಸುತ್ತದೆ. ಟಿಕೆಟ್ ಬೇಗ ಮುಗಿದುಹೋಗುವುದರಿಂದ ಊರು ಬಿಡುವ ಮುಂಚೆಯೇ ಕಾಯ್ದಿರಿಸಿಕೊಳ್ಳಿ.

ಸಮರ್ಕಂದ್ ಅಂದರೆ ರೆಗಿಸ್ತಾನ್ ಚೌಕ. ಮೂರು ಕಡೆ ಮೂರು ಮದರಸಾಗಳು, ನಡುವೆ ಬಯಲು. ಎಡಗಡೆಯದು ಉಲುಘ್ ಬೇಗ್ 1417ರಿಂದ 1420ರ ನಡುವೆ ಕಟ್ಟಿಸಿದ್ದು. ಎದುರಿನ ಶೇರ್-ದೋರ್ ಮತ್ತು ನಡುವಿನ ತಿಲ್ಯಾ-ಕೋರಿ ಎರಡೂ ಎರಡು ಶತಮಾನದ ಆಮೇಲಿನವು. ಶೇರ್-ದೋರ್‌ನ ಕಮಾನಿನ ಮೇಲೆ ಜಿಂಕೆಯನ್ನು ಅಟ್ಟಿಸಿಕೊಂಡು ಹೋಗುವ ಹುಲಿಯಂಥ ಪ್ರಾಣಿ, ಅದರ ಬೆನ್ನಿನಾಚೆ ಮನುಷ್ಯಮುಖದ ಸೂರ್ಯ. ಮದರಸಾದ ಬಾಗಿಲಲ್ಲಿ ಪ್ರಾಣಿಯ, ಮನುಷ್ಯನ ಮುಖ ಬಿಡಿಸುವುದು ಅಪರೂಪ. ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ.

ಚೌಕದ ಸೊಬಗಿಗೆ ಎರಡು ಮಾತಿಲ್ಲ. ಆದರೆ ಕಣ್ಣಿಗೆ ಕಾಣುವುದೆಲ್ಲ ಹಳೆಯದಲ್ಲ ಎಂಬುದು ತಿಳಿದಿರಬೇಕು. ತಿಲ್ಯಾ-ಕೋರಿಯ ಮೇಲಿರುವ ನೀಲಿ ಗುಮ್ಮಟ ನೂರು ವರ್ಷದ ಹಿಂದಿನ ಫೋಟೊಗಳಲ್ಲಿ ಇಲ್ಲ. ಅದು ಸೋವಿಯತ್ ಕಾಲದ ಸೇರ್ಪಡೆ. ಉಲುಘ್ ಬೇಗ್ ಮದರಸಾದ ವಾಲಿದ ಮಿನಾರನ್ನು 1932ರಲ್ಲಿ ಎಂಜಿನಿಯರುಗಳು ಬುಡದಿಂದ ತಿರುಗಿಸಿ ನೆಟ್ಟಗೆ ಮಾಡಿದರು. ಅದರ ಯೋಜನೆ ಹಾಕಿಕೊಟ್ಟವರು ರಷ್ಯದ ಹೆಸರಾಂತ ಎಂಜಿನಿಯರ್ ವ್ಲಾದಿಮೀರ್ ಶುಖೋವ್. ಬೀಬಿ ಖಾನುಮ್ ಮಸೀದಿಯ ಕಥೆ ಇನ್ನೂ ದೊಡ್ಡದು. 1398ರಲ್ಲಿ ದೆಹಲಿಯನ್ನು ಸೂರೆಗೈದು ಮರಳಿದ ತೈಮೂರ್ ಮರುವರ್ಷವೇ ಅದನ್ನು ಶುರುಮಾಡಿಸಿದ. ಕಲ್ಲು ಎಳೆಯಲು ಹಿಂದೂಸ್ಥಾನದ ಆನೆಗಳು, ಕೆತ್ತಲು ಹಿಡಿದು ತಂದ ಕುಶಲಕರ್ಮಿಗಳು. ಅಳತೆ ಮೀರಿದ ಎತ್ತರ, ಅಳತೆ ಮೀರಿದ ಅವಸರ. ಕಟ್ಟಿ ಮುಗಿಯುವ ಮೊದಲೇ ಬಿರುಕು ಕಾಣಿಸಿತು. 1897ರ ಭೂಕಂಪದಲ್ಲಿ ಉಳಿದದ್ದೂ ಬಹುಪಾಲು ಕೆಳಗೆ ಬಂತು. ಇಂದು ನಾವು ನೋಡುವ ಮಸೀದಿ ಹೆಚ್ಚಾಗಿ 1970ರ ದಶಕದಿಂದೀಚೆಗೆ ಮತ್ತೆ ಎಬ್ಬಿಸಿ ನಿಲ್ಲಿಸಿದ್ದು.

ಹಳೆಯ ಕೈಕೆಲಸವನ್ನೇ ನೋಡಬೇಕೆನ್ನುವವರು ಶಾಹಿ ಜಿಂದಾಕ್ಕೆ ಹೋಗಬೇಕು. ಪ್ರವಾದಿಗಳ ಸಂಬಂಧಿ ಕುಸಾಮ್ ಇಬ್ನ್ ಅಬ್ಬಾಸ್ ಇಲ್ಲಿ ಮಲಗಿದ್ದಾರೆಂದು ನಂಬಿಕೆ. ಅವರ ಆಸರೆಯಲ್ಲಿ ಸಮಾಧಿಯಾಗಲು ರಾಜಮನೆತನದವರು, ಅದರಲ್ಲೂ ಹೆಂಗಸರು, ಇಕ್ಕೆಲದಲ್ಲಿ ಗೋರಿಗಳನ್ನು ಕಟ್ಟಿಸಿಕೊಂಡರು. ಗುಡ್ಡ ಏರುವ ಇಕ್ಕಟ್ಟಾದ ಓಣಿ ಅದು. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತೇ ನೋಡಬಹುದು. ತೈಮೂರನ ಅಕ್ಕ ಎಳೆವಯಸ್ಸಿನಲ್ಲೇ ತೀರಿಕೊಂಡ ಮಗಳಿಗಾಗಿ 1370ರ ದಶಕದಲ್ಲಿ ಕಟ್ಟಿಸಿದ ಶಾದಿ ಮುಲ್ಕ್ ಗೋರಿಯಲ್ಲಿ, ಹಸಿಮಣ್ಣಿನ ಬಿಲ್ಲೆಗಳನ್ನು ಆಳವಾಗಿ ಕೊರೆದು ಮೇಲೆ ಹಸಿರು ನೀಲಿಯ ಹೊಳಪು ಹಚ್ಚಿ ಸುಟ್ಟಿದ್ದಾರೆ. ಬೆರಳಿಟ್ಟರೆ ಗೆಣ್ಣು ಮುಳುಗುವಷ್ಟು ಆಳದ ಕೆತ್ತನೆ. ಕೆಲವೇ ಹೆಜ್ಜೆ ದೂರದ ಶಿರೀನ್ ಬಿಕಾ ಗೋರಿಯಲ್ಲಿ, ಕೇವಲ ಹದಿನೈದು ವರ್ಷದೊಳಗೆ, ಪದ್ಧತಿಯೇ ಬದಲಾಗಿದೆ. ಅಲ್ಲಿ ಬಣ್ಣಬಣ್ಣದ ಬಿಲ್ಲೆಗಳನ್ನು ಬೇರೆಬೇರೆ ಸುಟ್ಟು, ಆಮೇಲೆ ಎಲೆ, ಹೂ, ಅಕ್ಷರದ ಆಕಾರಕ್ಕೆ ಉಳಿಯಿಂದ ಕತ್ತರಿಸಿ, ಚೂರುಗಳನ್ನು ಜೋಡಿಸಿ ಹಿಂಬದಿಗೆ ಗಾರೆ ತುಂಬಿದ್ದಾರೆ.

ಇಷ್ಟು ಕಷ್ಟ ಏಕೆಂದರೆ, ಒಂದೊಂದು ಬಣ್ಣ ಒಂದೊಂದು ಕಾವಿನಲ್ಲಿ ಪಕ್ವವಾಗುತ್ತದೆ. ಒಂದೇ ಬಿಲ್ಲೆಯ ಮೇಲೆ ಎಲ್ಲ ಬಣ್ಣ ಬರೆದು ಒಂದೇ ಸಲ ಗೂಡಿಗಿಟ್ಟರೆ ಒಂದು ಅರಳಿದರೆ ಇನ್ನೊಂದು ಮಸುಕಾಗುತ್ತದೆ. ಬೇರೆಬೇರೆ ಸುಟ್ಟರೆ ಪ್ರತಿ ಬಣ್ಣಕ್ಕೂ ಅದರ ಪೂರ್ಣ ಹೊಳಪು. ತಾಮ್ರ ಬೆರೆಸಿದರೆ ಆಕಾಶದ ತಿಳಿನೀಲಿ, ಕೋಬಾಲ್ಟ್ ಬೆರೆಸಿದರೆ ಗಾಢ ನೀಲಿ. ಹೊಳಪಿನ ಗಾಜಿಗೆ ಬೇಕಾದ ಕ್ಷಾರ ಮರುಭೂಮಿಯ ಕುರುಚಲು ಗಿಡಗಳ ಬೂದಿಯಿಂದ. ಕಟ್ಟುವ ಕಲ್ಲು ಕಡಿಮೆಯಿರುವ, ಮಣ್ಣು ಯಥೇಚ್ಛವಾಗಿರುವ ನಾಡು ಇದು. ಇಟ್ಟಿಗೆಯ ಕಂದು ಮೈಯ ಮೇಲೆ ಬಣ್ಣ ಉಳಿಸಲು ಅವರಿಗೆ ಸಿಕ್ಕ ದಾರಿ ಈ ಗಾಜಿನ ಲೇಪ. ಇಷ್ಟನ್ನು ತಿಳಿದು ನೋಡಿದರೆ ಯಾವುದು ಹಳೆಯ ಚೂರು, ಯಾವುದು ಈಚಿನ ತೇಪೆ ಎಂದು ಕಣ್ಣು ತಾನಾಗಿ ಗುರುತಿಸತೊಡಗುತ್ತದೆ.

ನಮ್ಮವರಿಗೆ ಈ ಕಲೆ ಅಪರಿಚಿತವಲ್ಲ. ಬೀದರಿನ ಮಹಮೂದ್ ಗಾವಾನ್ ಮದರಸಾ 1472ರದ್ದು. ರೆಗಿಸ್ತಾನ್‌ನ ಉಲುಘ್ ಬೇಗ್ ಮದರಸಾಕ್ಕಿಂತ ಅರ್ಧ ಶತಮಾನ ಚಿಕ್ಕದು. ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಗಾವಾನ್ ಹುಟ್ಟಿದ್ದು ಇರಾನಿನ ಗಿಲಾನ್ ಪ್ರಾಂತದಲ್ಲಿ. ತೈಮೂರನ ವಂಶದವರ ಹೆರಾತ್ ನಗರದಲ್ಲಿದ್ದ ಕವಿ ಜಾಮಿಯೊಡನೆ ಅವನ ಪತ್ರವ್ಯವಹಾರವಿತ್ತು. ನಡುವೆ ಅಂಗಳ, ನಾಲ್ಕು ದಿಕ್ಕಿಗೆ ಎತ್ತರದ ಕಮಾನು ಪಡಸಾಲೆ, ಮುಂಭಾಗದ ಮೂಲೆಗಳಲ್ಲಿ ಮಿನಾರು, ಮೈತುಂಬ ಬಣ್ಣದ ಬಿಲ್ಲೆ: ಸಮರ್ಕಂದದ ನಕ್ಷೆ ನಮ್ಮ ಕೆಂಪುಮಣ್ಣಿನಲ್ಲಿ ಬಂದು ನಿಂತಿದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಒಳಗಿಟ್ಟಿದ್ದ ಸಿಡಿಮದ್ದು ಸ್ಫೋಟಿಸಿ ಕಟ್ಟಡದ ಒಂದು ಭಾಗ ಹೋಯಿತು, ಒಂದು ಮಿನಾರು ಉಳಿಯಿತು. ಅದರ ಮೈಮೇಲೆ ಅಂಕುಡೊಂಕಾಗಿ ಹರಿಯುವ ಬಿಲ್ಲೆಗಳು ಈಗಲೂ ಬಿಸಿಲಿಗೆ ಹೊಳೆಯುತ್ತವೆ. ಉಜ್ಬೇಕಿಸ್ತಾನಕ್ಕೆ ಹೋಗುವ ಕನ್ನಡಿಗರು ಮೊದಲು ಬೀದರಿಗೆ ಹೋಗಿಬರಲಿ ಎಂಬುದು ನನ್ನ ಒತ್ತಾಯ. ಅಲ್ಲಿ ಯಾರೂ ಮತ್ತೆ ಬಣ್ಣ ತುಂಬಿಲ್ಲ, ಇದ್ದಷ್ಟು ಹಳೆಯದೇ.

ಉಲುಘ್ ಬೇಗನ ವೀಕ್ಷಣಾಲಯ ಊರಿನ ಅಂಚಿನ ದಿಬ್ಬದ ಮೇಲಿದೆ. 1420ರ ದಶಕದಲ್ಲಿ ಕಟ್ಟಿಸಿದ ಮೂರಂತಸ್ತಿನ ದುಂಡು ಕಟ್ಟಡ ಅವನ ನಂತರ ನಾಶವಾಗಿ ಜಾಗವೇ ಮರೆತುಹೋಗಿತ್ತು. 1908ರಲ್ಲಿ ವಸಿಲಿ ವ್ಯಾತ್ಕಿನ್ ಎಂಬ ಸಂಶೋಧಕ ಅಗೆದಾಗ ನೆಲದಡಿಯ ಭಾಗ ಸಿಕ್ಕಿತು. ಬಂಡೆ ಕೊರೆದು ಇಳಿಸಿದ ಕಮಾನು, ಅದರ ಅಂಚಿಗೆ ಅಮೃತಶಿಲೆ, ಅಮೃತಶಿಲೆಯ ಮೇಲೆ ಕೋನದ ಗೆರೆಗಳು. ಸುಮಾರು 40 ಮೀಟರ್ ತ್ರಿಜ್ಯದ ಅಳತೆಯ ಉಪಕರಣ ಅದು. ದೂರದರ್ಶಕ ಇನ್ನೂ ಹುಟ್ಟಿರದ ಕಾಲದಲ್ಲಿ, ಉಪಕರಣ ದೊಡ್ಡದಾದಷ್ಟೂ ಗೆರೆಗಳ ನಡುವಿನ ಅಂತರ ಹಿಗ್ಗಿ ಅಳತೆ ನಿಖರವಾಗುತ್ತಿತ್ತು. ಹೀಗೆ ಅಳೆದು 1437ರಲ್ಲಿ ಸಿದ್ಧಪಡಿಸಿದ ಪಟ್ಟಿಯಲ್ಲಿ 1018 ನಕ್ಷತ್ರಗಳಿವೆ. ಮುನ್ನೂರು ವರ್ಷದ ಮೇಲೆ ಜೈಪುರದ ಸವಾಯಿ ಜೈಸಿಂಗ್ ಜಂತರ್ ಮಂತರ್‌ಗಳನ್ನು ಕಟ್ಟಿಸುವಾಗ ಇದೇ ಪಟ್ಟಿಯನ್ನು ಓದಿಕೊಂಡಿದ್ದ. ಉಲುಘ್ ಬೇಗನನ್ನು 1449ರಲ್ಲಿ ಸ್ವಂತ ಮಗನೇ ತಲೆ ಕಡಿಸಿ ಕೊಲ್ಲಿಸಿದ. ತಾತ ತೈಮೂರನ ಪಕ್ಕದಲ್ಲಿ ಗೂರ್ ಎಮಿರ್ ಗೋರಿಯಲ್ಲಿ ಅವನನ್ನು ಹೂಳಿದರು. 1941ರಲ್ಲಿ ಸೋವಿಯತ್ ವಿಜ್ಞಾನಿ ಗೆರಾಸಿಮೋವ್ ತಂಡ ಆ ಗೋರಿಗಳನ್ನು ತೆರೆದಾಗ ತೈಮೂರನ ಕುಂಟುಕಾಲೂ ಉಲುಘ್ ಬೇಗನ ಕಡಿದ ಕತ್ತೂ ಎಲುಬಿನಲ್ಲೇ ಕಂಡವು.

ಸಮರ್ಕಂದದಲ್ಲಿ ಇನ್ನೊಂದು ಕೆಲಸ ಮಾಡಿ. ರೆಗಿಸ್ತಾನ್‌ನಿಂದ ಬೀಬಿ ಖಾನುಮ್‌ಗೆ ಹೋಗುವ ನಡಿಗೆ ಹಾದಿ ನುಣುಪಾಗಿ, ಅಂಗಡಿಸಾಲಿನಿಂದ ಕಂಗೊಳಿಸುತ್ತದೆ. ಪಕ್ಕದ ಹಳೆಯ ಮೊಹಲ್ಲಾಗಳು ಪ್ರವಾಸಿಗರ ಕಣ್ಣಿಗೆ ಬೀಳದಂತೆ ಅಡ್ಡ ಗೋಡೆ ಎಬ್ಬಿಸಿದ್ದಾರೆ. ಗೋಡೆಯಲ್ಲಿ ಅಲ್ಲಲ್ಲಿ ಬಾಗಿಲುಗಳಿವೆ. ಒಳಗೆ ಹೋಗಿ. ಮಣ್ಣಿನ ಗೋಡೆ, ಮನೆಯಂಗಳದ ದ್ರಾಕ್ಷಿ ಚಪ್ಪರ, ಓಣಿಯ ಮೂಲೆಯ ಪುಟ್ಟ ಮಸೀದಿ, ರೊಟ್ಟಿ ಹೊತ್ತು ಬರುವ ಮಕ್ಕಳು. ಊರು ಇರುವುದು ಅಲ್ಲಿ.

ಇದೇ ಕಾರಣಕ್ಕೆ ನಾನು ಬುಖಾರಾಕ್ಕೆ ಹೆಚ್ಚು ದಿನ ಕೊಡಿ ಎನ್ನುವುದು. ಅಲ್ಲಿ ಹಳೆಯ ಊರಿಗೂ ಸ್ಮಾರಕಗಳಿಗೂ ನಡುವೆ ಗೋಡೆ ಇಲ್ಲ. ಮದರಸಾದ ಹಿಂದೆಯೇ ಮನೆ, ಮನೆಯ ಪಕ್ಕದಲ್ಲೇ ಹಳೆಯ ಹಮಾಮು. ವ್ಯಾಪಾರಿಗಳ, ಬುಖಾರಾದ ಯಹೂದಿಗಳ ಹಳೆಯ ಮನೆಗಳಲ್ಲಿ ಹಲವು ಈಗ ಪುಟ್ಟ ವಸತಿಗೃಹಗಳಾಗಿವೆ. ಕೆತ್ತನೆಯ ಮರದ ಕಂಬ, ಬಣ್ಣದ ಜಂತೆಗಳ ಅಡಿಯಲ್ಲಿ ಮಲಗಬಹುದು. ದೊಡ್ಡ ಹೋಟೆಲಿಗಿಂತ ಇದನ್ನೇ ಆರಿಸಿಕೊಳ್ಳಿ. ನೀವು ಕೊಡುವ ಬಾಡಿಗೆಯಿಂದ ಆ ಮನೆ ಉಳಿಯುತ್ತದೆ.

ಬುಖಾರಾದಲ್ಲಿ ಮೊದಲು ನೋಡಬೇಕಾದದ್ದು ಉದ್ಯಾನವೊಂದರಲ್ಲಿರುವ ಸಾಮಾನಿ ಅರಸರ ಗೋರಿ. ಹತ್ತನೆಯ ಶತಮಾನದ ಮೊದಲ ಭಾಗದ್ದು. ಎತ್ತರವಿಲ್ಲ, ಬಣ್ಣವಿಲ್ಲ. ಚೌಕನೆಯ ಕಟ್ಟಡ, ಮೇಲೊಂದು ಗುಮ್ಮಟ, ಅಷ್ಟೆ. ಸುಟ್ಟ ಇಟ್ಟಿಗೆಯನ್ನೇ ಅಡ್ಡ, ಉದ್ದ, ಓರೆಯಾಗಿ ಇಟ್ಟು ಗೋಡೆಯನ್ನು ಚಾಪೆ ಹೆಣೆದಂತೆ ಹೆಣೆದಿದ್ದಾರೆ. ಬೆಳಗಿನ ಓರೆ ಬಿಸಿಲಿನಲ್ಲಿ ಒಂದೊಂದು ಇಟ್ಟಿಗೆಯ ಅಂಚಿಗೂ ನೆರಳು ಬಿದ್ದು ಗೋಡೆ ಆಳವಾಗಿ ಕಾಣುತ್ತದೆ; ನಡುಮಧ್ಯಾಹ್ನಕ್ಕೆ ಅದೇ ಗೋಡೆ ಚಪ್ಪಟೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ. 1220ರಲ್ಲಿ ಚೆಂಗಿಸ್ ಖಾನನ ಸೈನ್ಯ ಊರನ್ನು ಸುಟ್ಟಾಗ ಇದು ಮಣ್ಣಿನಲ್ಲಿ ಹುದುಗಿದ್ದರಿಂದ ಉಳಿಯಿತೆಂದು ಹೇಳುತ್ತಾರೆ. ಇಡೀ ಉಜ್ಬೇಕಿಸ್ತಾನದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನ್ನಿಸುವ ಕಟ್ಟಡ ಈ ಚಿಕ್ಕ ಗೋರಿ.

ಅದರ ನಂತರದ್ದು 1127ರ ಕಲ್ಯಾಣ್ ಮಿನಾರು. ಸುಮಾರು 46 ಮೀಟರ್ ಎತ್ತರ, ಪಟ್ಟಿಯಿಂದ ಪಟ್ಟಿಗೆ ಇಟ್ಟಿಗೆಯ ವಿನ್ಯಾಸ ಬದಲಾಗುತ್ತ ಹೋಗುತ್ತದೆ. ಮೇಲ್ತುದಿಗೆ ಹತ್ತಿರ ನೀಲಿ ಹೊಳಪಿನ ಒಂದು ಕಿರಿದಾದ ಪಟ್ಟಿ. ಶಾಹಿ ಜಿಂದಾದ ನೀಲಿಗೆಲ್ಲ ಎರಡು ಶತಮಾನಕ್ಕೂ ಹಿಂದಿನದು ಅದು. ಪಕ್ಕದ ಮೀರ್ ಇ ಅರಬ್ ಮದರಸಾದಲ್ಲಿ ಈಗಲೂ ಹುಡುಗರು ಓದುತ್ತಿದ್ದಾರೆ. ಪ್ರವಾಸಿಗರಿಗೆ ಹೊಸ್ತಿಲಿನವರೆಗೆ ಮಾತ್ರ ಪ್ರವೇಶ.

ಮತ್ತೆ ನೀರಿನ ಕಥೆ. ಜರಾಫ್ಶಾನ್ ನದಿಯಿಂದ ಕಾಲುವೆಯಲ್ಲಿ ಬಂದ ನೀರನ್ನು ಊರೊಳಗೆ ಮೆಟ್ಟಿಲು ಕಟ್ಟಿದ ಹೊಂಡಗಳಲ್ಲಿ ತುಂಬಿಸುತ್ತಿದ್ದರು. ನೂರರ ಆಸುಪಾಸು ಹೊಂಡಗಳಿದ್ದವು. ಜನ ಮೆಟ್ಟಿಲಿಳಿದು ಕಾಲು ತೊಳೆಯುತ್ತಿದ್ದರು, ಅದೇ ನೀರನ್ನು ಭಿಸ್ತಿಗಳು ತೊಗಲಿನ ಚೀಲದಲ್ಲಿ ಮನೆಮನೆಗೆ ಒಯ್ಯುತ್ತಿದ್ದರು. ಹೀಗಾಗಿ ಬುಖಾರಾದಲ್ಲಿ ನಾರುಹುಣ್ಣು ಮನೆಮಾಡಿತ್ತು. ನಮ್ಮ ಉತ್ತರ ಕರ್ನಾಟಕದ ಹಿರಿಯರಿಗೆ ಈ ರೋಗವನ್ನು ವಿವರಿಸಬೇಕಾಗಿಲ್ಲ. ಕಾಲಿನ ಬೊಕ್ಕೆಯಿಂದ ಹೊರಬರುವ ಹುಳು ನೀರು ತಾಗಿದೊಡನೆ ಮರಿಗಳನ್ನು ಬಿಡುತ್ತದೆ, ಮರಿಗಳನ್ನು ನೀರಿನ ಕಿರುಜೀವಿಗಳು ತಿನ್ನುತ್ತವೆ, ಆ ನೀರು ಕುಡಿದವರ ಮೈಯಲ್ಲಿ ಹುಳು ಬೆಳೆಯುತ್ತದೆ. ನಮ್ಮ ಮೆಟ್ಟಿಲುಬಾವಿಗಳ ಊರುಗಳಲ್ಲೂ ಇದೇ ಚಕ್ರ. ಭಾರತ ಅದರಿಂದ ಮುಕ್ತವೆಂದು ಘೋಷಣೆಯಾದದ್ದು 2000ದಲ್ಲಿ. ಬುಖಾರಾದಲ್ಲಿ ಸೋವಿಯತ್ ವೈದ್ಯರು 1930ರ ದಶಕದ ಆರಂಭಕ್ಕೇ ಅದನ್ನು ಮುಗಿಸಿದರು. ಹೊಂಡಗಳನ್ನು ಬತ್ತಿಸಿದರು, ಮುಚ್ಚಿದರು, ಕೊಳಾಯಿ ನೀರು ತಂದರು. ಬೋಲೊ ಹೌಜ್ ಮಸೀದಿಯ ಬಳಿ ನಿಂತಿರುವ ಉಕ್ಕಿನ ಜಾಲರಿಯ ಗೋಪುರ ಆ ಕಾಲದ ನೀರಿನ ಟ್ಯಾಂಕಿಯದು; ಅದೂ ಶುಖೋವ್ ಅವರದೇ ವಿನ್ಯಾಸ. ಮಸೀದಿ ನೋಡಲು ಬಂದವರು ಅದರತ್ತ ಬೆನ್ನು ತಿರುಗಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಅದು ಮಸೀದಿಯಷ್ಟೇ ಗೌರವಕ್ಕೆ ಅರ್ಹ.

ಉಳಿದ ಕೆಲವೇ ಹೊಂಡಗಳಲ್ಲಿ ಲಾಬಿ ಹೌಜ್ ಒಂದು. 1620ರ ಕಾಲದ್ದು. ಸುತ್ತ ಮುದಿ ಹಿಪ್ಪುನೇರಳೆ ಮರಗಳು, ಮರದಡಿ ಚಹಾದ ಮಂಚಗಳು. ಇಲ್ಲಿಂದ ಕೆಲವೇ ಹೆಜ್ಜೆಗೆ ತೋಕಿ ಸರ್ರಾಫೋನ್, ಹಣ ಬದಲಾಯಿಸುವವರ ಗುಮ್ಮಟದ ಬಜಾರು. ಮುಲ್ತಾನ್ ಕಡೆಯ ಹಿಂದೂ ಲೇವಾದೇವಿಗಾರರು ಶತಮಾನಗಳ ಕಾಲ ಬುಖಾರಾದಲ್ಲಿ ವ್ಯವಹಾರ ನಡೆಸಿದ್ದರು. ಇಲ್ಲಿನ ರೈತರಿಗೆ, ವ್ಯಾಪಾರಿಗಳಿಗೆ ಸಾಲ ಕೊಡುತ್ತ, ಹಿಂದೂಸ್ಥಾನದ ಬಟ್ಟೆ ತಂದು ಮಾರುತ್ತ.

ಖಿವಾ ಬುಖಾರಾದಿಂದ ಸುಮಾರು 450 ಕಿಲೋಮೀಟರ್, ದಾರಿಯೆಲ್ಲ ಕಿಜಿಲ್‌ಕುಮ್ ಮರುಭೂಮಿ. ಒಳಕೋಟೆ ಇಚಾನ್ ಕಲಾ ಕೇವಲ 26 ಹೆಕ್ಟೇರು. ಅರ್ಧ ದಿನದಲ್ಲಿ ಸುತ್ತಬಹುದು. 1990ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು. ಅಲ್ಲಿನ ಜುಮಾ ಮಸೀದಿಯನ್ನು ತಪ್ಪಿಸಬೇಡಿ. ಗುಮ್ಮಟವಿಲ್ಲದ ತಗ್ಗಿನ ಸೂರು, ಅದನ್ನು ಹೊತ್ತ ಇನ್ನೂರಕ್ಕೂ ಹೆಚ್ಚು ಮರದ ಕಂಬಗಳು, ಕೆಲವು ಸಾವಿರ ವರ್ಷ ಹಳೆಯವು, ಒಂದರ ಕೆತ್ತನೆ ಇನ್ನೊಂದಕ್ಕಿಲ್ಲ. ಖಿವಾ ತುಸು ಹೆಚ್ಚೇ ಒಪ್ಪ ಮಾಡಿದ ಊರು. ಹಗಲಿಗಿಂತ, ಗುಂಪುಗಳು ಹೊರಟುಹೋದ ಮೇಲಿನ ಹೊತ್ತು ಅದಕ್ಕೆ ಒಪ್ಪುತ್ತದೆ.

ಶಹ್ರಿಸಬ್ಜ್ ಬಗ್ಗೆ ಬೇಸರದಿಂದಲೇ ಬರೆಯಬೇಕಾಗಿದೆ. ಸಮರ್ಕಂದದ ದಕ್ಷಿಣಕ್ಕೆ ಗುಡ್ಡ ದಾಟಿದರೆ ಸಿಗುವ ಈ ಊರು ತೈಮೂರನ ಹುಟ್ಟೂರಿಗೆ ಹತ್ತಿರದ್ದು. ಅವನ ಅಕ್ ಸರಾಯ್ ಅರಮನೆಯ ಹೆಬ್ಬಾಗಿಲಿನ ಎರಡು ಮುರುಕು ಗೋಪುರಗಳು ಈಗಲೂ ಸುಮಾರು 38 ಮೀಟರ್ ಎತ್ತರಕ್ಕೆ ನಿಂತಿವೆ. 2000ದಲ್ಲಿ ಯುನೆಸ್ಕೊ ಇಡೀ ಹಳೆಯ ಊರನ್ನು ಪಟ್ಟಿಗೆ ಸೇರಿಸಿತು. ಆಮೇಲೆ ಪ್ರವಾಸಿಗರಿಗೆ ಅನುಕೂಲವಾಗಲೆಂದು ಸರ್ಕಾರ ನಡುವಿನ ಮೊಹಲ್ಲಾಗಳನ್ನೇ ಕೆಡವಿ ಹುಲ್ಲುಹಾಸು, ಕಾರಂಜಿ, ಅಗಲ ಹಾದಿ ಮಾಡಿತು. 2016ರಲ್ಲಿ ಊರು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಯಿತು. ಹಂಪಿ ಕೂಡ ಸೇತುವೆಯ ಕಾರಣಕ್ಕೆ 1999ರಿಂದ 2006ರವರೆಗೆ ಇದೇ ಪಟ್ಟಿಯಲ್ಲಿತ್ತು; 2011ರಲ್ಲಿ ಹಂಪಿ ಬಜಾರಿನ ಮನೆ ಅಂಗಡಿಗಳನ್ನು ಕೆಡವಿದ್ದು ನಮಗೆ ನೆನಪಿದೆ. ಶಹ್ರಿಸಬ್ಜ್‌ನ ಹುಲ್ಲುಹಾಸಿನ ಮೇಲೆ ನಡೆಯುವಾಗ, ಅಲ್ಲಿ ತಲೆಮಾರುಗಳಿಂದ ಇದ್ದವರ ಅಂಗಳಗಳ ಮೇಲೆ ನಡೆಯುತ್ತಿದ್ದೇವೆ ಎಂಬ ಅರಿವು ಇರಲಿ.

ಇನ್ನೂ ದಿನಗಳಿದ್ದರೆ ಫರ್ಗಾನಾ ಕಣಿವೆ. ಅಂದಿಜಾನ್ ಬಾಬರ್ ಹುಟ್ಟಿದ ಊರು. ಮಾರ್ಗಿಲಾನ್‌ನ ಕಾರ್ಖಾನೆಯಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವುದರಿಂದ ಹಿಡಿದು, ನೂಲನ್ನು ಗಂಟುಕಟ್ಟಿ ಬಣ್ಣಕ್ಕೆ ಅದ್ದಿ ಕೈಮಗ್ಗದಲ್ಲಿ ನೇಯುವವರೆಗೆ ಎಲ್ಲವನ್ನೂ ನೋಡಬಹುದು. ರಾಮನಗರದ ಬಿಚ್ಚಾಣಿಕೆದಾರರನ್ನು ಕರೆದೊಯ್ದರೆ ಮಾತು ಬಾರದಿದ್ದರೂ ಕೆಲಸ ಅರ್ಥವಾದೀತು.

ಹೋಗುವ ಕಾಲ ಏಪ್ರಿಲ್–ಮೇ, ಇಲ್ಲವೇ ಸೆಪ್ಟೆಂಬರ್–ಅಕ್ಟೋಬರ್. ಜುಲೈಯಲ್ಲಿ 40 ಡಿಗ್ರಿ ದಾಟುತ್ತದೆ, ಜನವರಿಯಲ್ಲಿ ಹಿಮ. ಸಸ್ಯಾಹಾರಿಗಳಿಗೆ ಊಟ ಸುಲಭವಲ್ಲ. ಹೆಸರಾಂತ ಪಲಾವ್‌ನಲ್ಲಿ ಮಾಂಸವನ್ನು ಬದಿಗಿಟ್ಟರೂ ಅಕ್ಕಿ ಬೆಂದಿರುವುದು ಕುರಿಯ ಕೊಬ್ಬಿನಲ್ಲೇ. ಆದರೆ ಉಪವಾಸ ಬೀಳಬೇಕಿಲ್ಲ. ತಂದೂರಿನಿಂದ ಆಗತಾನೆ ತೆಗೆದ ರೊಟ್ಟಿ, ಟೊಮೆಟೊ ಈರುಳ್ಳಿಯ ಸಲಾಡು, ಗಟ್ಟಿ ಮೊಸರು, ಕುಂಬಳಕಾಯಿ ಹೂರಣದ ಸಮೋಸಾ, ಒಣಹಣ್ಣು, ಹಸಿರು ಚಹಾ ಎಲ್ಲೆಡೆ ಸಿಗುತ್ತವೆ. ಒಟ್ಟು ಎಂಟು ದಿನವಿದ್ದರೆ ತಾಷ್ಕೆಂಟ್‌ಗೆ ಒಂದು, ಸಮರ್ಕಂದಕ್ಕೆ ಎರಡು, ಬುಖಾರಾಕ್ಕೆ ಮೂರು, ಖಿವಾಕ್ಕೆ ಹೋಗಿಬರಲು ಎರಡು ಇಟ್ಟುಕೊಳ್ಳಿ. ಆರೇ ದಿನವಾದರೆ ಖಿವಾ ಬಿಡಿ. ಬುಖಾರಾದ ಮೂರು ದಿನಕ್ಕೆ ಮಾತ್ರ ಕೈಹಾಕಬೇಡಿ.